ಗೋಡೆಯೊಳಗಿನ ಲೆಕ್ಕ

(ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಬಾತ್‌ರೂಮ್ ಕೆಲಸ ಹಿಡಿಯುವ ಮಾವ, ಸಿವಿಲ್ ಡಿಪ್ಲೊಮಾ ಮುಗಿಸಿ ಅವರ ಜೊತೆ ಸೇರಿಕೊಂಡಿರುವ ಅಕ್ಕನ ಮಗಳು. ಒಂದು ಕೊಟೇಷನ್ ಕುರಿತು ಇಬ್ಬರ ಮಾತು.)

ಸೊಸೆ: ಮಾವ, ವೈಟ್‌ಫೀಲ್ಡ್ ಮನೆಯವರು ಮೆಸೇಜ್ ಮಾಡಿದಾರೆ. ಅವರಿಗೆ ಇನ್ನೆರಡು ಕೊಟೇಷನ್ ಬಂದಿದೆಯಂತೆ. ಒಂದರಲ್ಲಿ ‘ಬಾತ್‌ರೂಮ್ ಫುಲ್ ವರ್ಕ್, ಲೇಬರ್ ಪ್ಲಸ್ ಮೆಟೀರಿಯಲ್’ ಅಂತ ಒಂದೇ ಸಾಲು, ಪಕ್ಕದಲ್ಲಿ ಒಂದೇ ಅಂಕಿ. ನಾವು ಮೊದಲು ಕಳಿಸಿದ ಅಂದಾಜಿಗಿಂತ ತುಂಬಾ ಕಮ್ಮಿ. ನೀವೂ ಇಳಿಸ್ತೀರಾ ಅಂತ ಕೇಳ್ತಿದಾರೆ.

ಮಾವ: ಉತ್ತರ ಬರೆಯೋಕೆ ಮುಂಚೆ ಆ ಒಂದು ಸಾಲನ್ನ ಇನ್ನೊಂದ್ಸಲ ಓದು. ಅದರಲ್ಲಿ ವಾಟರ್‌ಪ್ರೂಫಿಂಗ್ ಇದೆಯಾ? ಒಡೆದ ಡೆಬ್ರಿಸ್ ಕೆಳಗಿಳಿಸೋದು ಯಾರು? ಪೈಪ್ ಯಾವುದು, ಎಲ್ಲಿಂದ ಎಲ್ಲಿವರೆಗೆ? ಗೀಸರ್ ವೈರು ಹೊಸದಾ ಹಳೇದಾ? ಯಾವುದಕ್ಕೂ ಉತ್ತರ ಇಲ್ಲ. ಆ ಪ್ರಶ್ನೆಗಳೆಲ್ಲ ಗೋಡೆ ಒಡೆದ ಮೇಲೆ ಒಂದೊಂದಾಗಿ ಬರ್ತಾವೆ. ಮನೇಲಿ ಬಾತ್‌ರೂಮ್ ಒಡೆದು ಹಾಕಿರೋವಾಗ ಯಾರೂ ಹೊಸ ಕಂಟ್ರಾಕ್ಟರ್ ಹುಡುಕೋಕೆ ಹೋಗಲ್ಲ, ಕೇಳಿದ್ದನ್ನ ಕೊಡ್ತಾರೆ. ಹಾಗಾಗಿ ಆ ಅಂಕಿಯನ್ನೂ ನಮ್ಮ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸೋದೇ ಸರಿಯಲ್ಲ. ಒಂದರಲ್ಲಿ ಕೆಲಸ ಏನು ಅಂತ ಬರೆದಿದೆ, ಇನ್ನೊಂದರಲ್ಲಿ ಬರೆದಿಲ್ಲ.

ಸೊಸೆ: ಮನೆಯವರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ಇಂಥ ಕೆಲಸ ಮಾಡಿಸೋದೇ ಹತ್ತು ಹದಿನೈದು ವರ್ಷಕ್ಕೊಮ್ಮೆ.

ಮಾವ: ಅದಕ್ಕೇ ಗೊತ್ತಿರೋರು ಹೇಳಬೇಕಾಗಿರೋದು. ನೀನು ಅಳತೆಯಿಂದ ಶುರು ಮಾಡಿ ನನಗೆ ಹೇಳು. ನನಗೆ ಅರ್ಥವಾಗೋ ಹಾಗೆ ಹೇಳಿದ್ರೆ ಅವರಿಗೂ ಅರ್ಥವಾಗುತ್ತೆ.

ಸೊಸೆ: ಒಳಗಡೆ 8 ಅಡಿ, 5 ಅಡಿ. ನೆಲ 40 ಚದರ ಅಡಿ. ನಾಲ್ಕು ಗೋಡೆ ಸುತ್ತಳತೆ 26 ಅಡಿ, ಟೈಲ್ಸ್ 7 ಅಡಿ ಎತ್ತರಕ್ಕೆ, ಅಲ್ಲಿಗೆ 182. ಬಾಗಿಲು ಎರಡೂವರೆಗೆ ಏಳು, ಹದಿನೇಳೂವರೆ ಕಳೀತೀನಿ. ವೆಂಟಿಲೇಟರ್ ಎರಡಕ್ಕೆ ಎರಡು, ನಾಲ್ಕು ಕಳೀತೀನಿ. ಗೋಡೆ ಹೆಚ್ಚುಕಮ್ಮಿ 160, ನೆಲ ಸೇರಿ 200. ಕಟಿಂಗ್ ವೇಸ್ಟೇಜ್ ನೂರಕ್ಕೆ ಹತ್ತು ಸೇರಿಸಿದ್ರೆ 220 ಚದರ ಅಡಿ ಟೈಲ್ಸ್ ತರಿಸಬೇಕು.

ಮಾವ: ಸರಿ. ಗುಜರಾತಿನ ಮೋರ್ಬಿಯಿಂದ ಬರೋ ಟೈಲ್ಸು ಒಂದೊಂದು ಬ್ಯಾಚಿಗೂ ಬಣ್ಣ ಒಂಚೂರು ಬದಲಾಗುತ್ತೆ. ಕಮ್ಮಿ ತಂದು ಆಮೇಲೆ ಅದೇ ಶೇಡ್ ಹುಡುಕೋ ಕಷ್ಟ ಬೇಡ. ಎರಡು ಮೂರು ಟೈಲ್ಸ್ ಉಳಿದ್ರೆ ಮನೆಯವರ ಹತ್ರ ಇರಲಿ, ಮುಂದೆ ರಿಪೇರಿಗೆ ಬೇಕಾಗುತ್ತೆ. ಅದನ್ನೂ ಕೊಟೇಷನ್‌ನಲ್ಲಿ ಬರಿ. ಈಗ ದಿನದ ಲೆಕ್ಕ ಹೇಳು.

ಸೊಸೆ: ಒಡೆಯೋದು, ಫಿಲ್ಲಿಂಗು, ಪ್ಲಾಸ್ಟರಿಂಗು, ಟೈಲ್ಸ್, ಗ್ರೌಟ್ ಎಲ್ಲ ಸೇರಿ ಮೇಸ್ತ್ರಿ, ಹೆಲ್ಪರ್ ಜೋಡಿಗೆ 12 ದಿನ ಹಾಕಿದೀನಿ. ಜೋಡಿಗೆ ದಿನಕ್ಕೆ 2,000 ಅಂದ್ರೆ 24,000.

ಮಾವ: ಆ ಅಪಾರ್ಟ್‌ಮೆಂಟ್ ಗೇಟಲ್ಲಿ ಏನು ನಿಯಮ ಹೇಳಿದ್ರು?

ಸೊಸೆ: ಕೆಲಸದವರ ಎಂಟ್ರಿ ಬೆಳಿಗ್ಗೆ 10ಕ್ಕೆ, ಸಂಜೆ 5ಕ್ಕೆ ಹೊರಗಿರಬೇಕು. ಮಧ್ಯಾಹ್ನ ಒಂದು ಗಂಟೆ ಶಬ್ದ ಮಾಡೋ ಹಾಗಿಲ್ಲ. ಭಾನುವಾರ ರಜೆ.

ಮಾವ: ಹಾಗಾದ್ರೆ ದಿನಕ್ಕೆ ಕೈಗೆ ಸಿಗೋದು ಆರು ಗಂಟೆ. ನೀನು ಹಾಕಿರೋದು ಎಂಟು ಗಂಟೆ ದಿನದ ಲೆಕ್ಕ. ಹನ್ನೆರಡು ಎಂಟಲೆ 96 ಗಂಟೆ. ಆರರಿಂದ ಭಾಗಿಸಿದ್ರೆ 16 ದಿನ. ಕೆಲಸಗಾರ ಆರು ಗಂಟೆ ಮಾಡಿದ್ರೂ ಪೂರ್ತಿ ದಿನದ ಕೂಲಿ ಕೊಡಲೇಬೇಕು. ಅವನ ಬೆಳಗ್ಗೆಯನ್ನ ಇನ್ನೊಬ್ಬರಿಗೆ ಮಾರೋಕಾಗಲ್ಲ. ಅಲ್ಲಿಗೆ 32,000. ಗೇಟಿನ ಬೋರ್ಡಲ್ಲಿ ಇರೋ ನಿಯಮವೇ 8,000 ರೂಪಾಯಿ. ಇದೇ ಕೆಲಸ ಪೀಣ್ಯ ಪಕ್ಕದ ದಾಸರಹಳ್ಳಿಯ ಒಂಟಿ ಮನೆಯಲ್ಲಾದ್ರೆ ಎಂಟು ಗಂಟೆಗೆ ಶುರು ಮಾಡಬಹುದು, ಅಷ್ಟು ಬೀಳಲ್ಲ.

ಸೊಸೆ: ಡೆಬ್ರಿಸ್‌ಗೆ ಒಂದು ಟ್ರಿಪ್ ಗಾಡಿ ಹಾಕಿದೀನಿ.

ಮಾವ: ಗಾಡಿಗಿಂತ ಮುಂಚೆ ಹೊರೋದು ಇದೆ. ಘನ ಅಡಿ ತೆಗಿ. ಟೈಲ್ಸು, ಅದರ ಹಿಂದಿನ ಗಾರೆ ಸೇರಿ ಎರಡು ಇಂಚು ಅಂದುಕೋ.

ಸೊಸೆ: 200 ಚದರ ಅಡಿಗೆ ಎರಡು ಇಂಚು, 33 ಘನ ಅಡಿ. ಬಾತ್‌ರೂಮ್ ಕೆಳಗೆ ತಗ್ಗಿಸಿ ಕಟ್ಟಿರೋ ಸಂಕನ್ ಸ್ಲ್ಯಾಬಿನ ಹಳೇ ಫಿಲ್ಲಿಂಗ್ 9 ಇಂಚು, ಅದು 30. ಒಟ್ಟು 63. ಒಂದು ಸಿಮೆಂಟ್ ಚೀಲಕ್ಕೆ ಒಂದೂಕಾಲು ಘನ ಅಡಿ ಅಂದ್ರೆ 50 ಚೀಲ.

ಮಾವ: ಗೋಡೆಯಲ್ಲಿ ಗಟ್ಟಿಯಾಗಿರೋವಾಗ 50. ಒಡೆದ ಮೇಲೆ ಅರಳುತ್ತೆ. 70, 75 ಚೀಲ ಆಗೇ ಆಗುತ್ತೆ. ಒಂಬತ್ತನೇ ಮಹಡಿಯಿಂದ, ಅವರು ಹೇಳಿದ ಹೊತ್ತಲ್ಲಿ, ಸರ್ವೀಸ್ ಲಿಫ್ಟಲ್ಲಿ, ಕೆಳಗೆ ಪ್ಲೈವುಡ್ ಹಾಸಿಕೊಂಡು ಇಳಿಸಬೇಕು. ಅದನ್ನ ಹೊರೋ ಹುಡುಗರು ಯಾದಗಿರಿ, ರಾಯಚೂರು ಕಡೆಯಿಂದ ಊರು ಬಿಟ್ಟು ಬಂದಿರೋರು. ಕೊಟೇಷನ್‌ನಲ್ಲಿ ಆ ಸಾಲು ಇಲ್ಲ ಅಂದ್ರೆ ಆ ದುಡ್ಡು ಅವರ ಕೂಲಿಯಿಂದ ಹೋಗುತ್ತೆ, ಇಲ್ಲಾ ಡೆಬ್ರಿಸ್ ರಾತ್ರೋರಾತ್ರಿ ಯಾವುದೋ ಕೆರೆ ಏರಿ ಮೇಲೆ ಬೀಳುತ್ತೆ. ವರ್ತೂರು, ಬೆಳ್ಳಂದೂರು ಕೆರೆಗಳ ಗತಿ ಏನಾಗಿದೆ ಅಂತ ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಕಟ್ಟಡ ತ್ಯಾಜ್ಯಕ್ಕೆ ಅಂತಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹೊರೋದಕ್ಕೂ ಸಾಗಿಸೋದಕ್ಕೂ ಸೇರಿಸಿ 10,000 ಅಂತ ಬೇರೆ ಸಾಲು ಬರಿ.

ಸೊಸೆ: ಬರ್ಕೊಂಡೆ. ವಾಟರ್‌ಪ್ರೂಫಿಂಗ್‌ಗೆ ಎರಡು ಕೋಟ್, ಆಮೇಲೆ ನೀರು ಕಟ್ಟಿ ನಿಲ್ಲಿಸೋದು 48 ಗಂಟೆ.

ಮಾವ: ಆ 48 ಗಂಟೆಯನ್ನ ದಪ್ಪ ಅಕ್ಷರದಲ್ಲಿ ಹಾಕು. ರೇಟ್ ಇಳಿಸಿದವರು ಮೊದಲು ಕೈಬಿಡೋದು ಅದನ್ನೇ, ಯಾಕಂದ್ರೆ ಟೈಲ್ಸ್ ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಸಂಕನ್ ಸ್ಲ್ಯಾಬ್ ಕೋಟ್ ಆದ ಮೇಲೆ ಒಂದ್ಸಲ, ಫಿಲ್ಲಿಂಗ್ ಮಾಡಿ ಮೇಲಿನ ಕೋಟ್ ಹೊಡೆದ ಮೇಲೆ ಇನ್ನೊಂದ್ಸಲ ನೀರು ಕಟ್ಟಬೇಕು. ಕೆಳಗಿನ ಫ್ಲ್ಯಾಟಿನವರ ಸೀಲಿಂಗ್ ಫೋಟೋ ಮುಂಚೆ ತೆಗೀಬೇಕು, ಟೆಸ್ಟ್ ಆದ ಮೇಲೂ ತೆಗೀಬೇಕು. ಗೋಡೆ ಒಳಗಿನ ಸಿಪಿವಿಸಿ ಲೈನ್‌ಗೆ ಟೈಲ್ಸ್ ಹಾಕೋ ಮುಂಚೆ ಪ್ರೆಶರ್ ಟೆಸ್ಟ್. ಸುಂದರವಾದ ಟೈಲ್ಸ್ ಹಿಂದೆ ಜಿನುಗೋ ಒಂದು ಜಾಯಿಂಟ್ ಇದ್ರೆ ಇಡೀ ಕೆಲಸ ಮತ್ತೆ ಒಡೀಬೇಕು.

ಸೊಸೆ: ಒಂದು ಮಾತು ಕೇಳ್ಲಾ? ಈ ಮನೆಯವರು ಕೆಲಸ ಮಾಡಿಸ್ತಿರೋದೇ ಕೆಳಗಿನ ಮನೆಗೆ ಸೋರ್ತಿದೆ ಅಂತ. ಪೊಸೆಷನ್ ಯಾವಾಗ ತಗೊಂಡ್ರಿ ಅಂತ ಕೇಳಿದೆ. ಏಳು ವರ್ಷ ಆಯ್ತಂತೆ.

ಮಾವ: ಅದನ್ನ ಕೇಳಿದ್ದು ಬಹಳ ಒಳ್ಳೇದಾಯ್ತು. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಪೊಸೆಷನ್ ಕೊಟ್ಟು ಐದು ವರ್ಷದೊಳಗೆ ಕಟ್ಟಡದ ಕೆಲಸದಲ್ಲಿ ದೋಷ ಕಂಡು ಮಾಲೀಕರು ತಿಳಿಸಿದ್ರೆ ಬಿಲ್ಡರ್ ಮೂವತ್ತು ದಿನದಲ್ಲಿ ದುಡ್ಡಿಲ್ಲದೆ ಸರಿಮಾಡಬೇಕು. ಐದು ವರ್ಷ ತುಂಬಿಲ್ಲದ ಮನೆಯಾದ್ರೆ ಸೋರಿಕೆ ಕೆಲಸಕ್ಕೆ ಕೊಟೇಷನ್ ಕೊಡೋಕೆ ಮುಂಚೆ ಅವರಿಗೆ ಇದನ್ನ ಹೇಳಬೇಕು. ನಮ್ಮ ಕೈಯಿಂದ ಒಂದು ಕೆಲಸ ಹೋಗಬಹುದು, ಹೋಗಲಿ. ಅವರು ಕೊಡಬೇಕಾಗಿಲ್ಲದ ದುಡ್ಡನ್ನ ನಾವು ತಗೋಬಾರದು.

ಸೊಸೆ: ಈ ಮನೆಗೆ ಆ ದಾರಿ ಇಲ್ಲ, ನಾವೇ ಮಾಡಬೇಕು. ಒಟ್ಟು ಹಾಕ್ತೀನಿ. ಗಾರೆ, ಟೈಲ್ಸ್ ಕೂಲಿ 32,000. ಪ್ಲಂಬರ್, ಎಲೆಕ್ಟ್ರಿಷಿಯನ್ 20,000. ಪೈಪು, ವಾಟರ್‌ಪ್ರೂಫಿಂಗ್, ಸಿಮೆಂಟು, ಮರಳು, ಅಡ್ಹೆಸಿವ್, ವೈರು 43,000. ಡೆಬ್ರಿಸ್ 10,000. ನೇರ ಖರ್ಚು 1,05,000. ಟೈಲ್ಸ್, ಕಮೋಡು, ನಲ್ಲಿಗಳನ್ನ ಮನೆಯವರೇ ಅಂಗಡಿಯಲ್ಲಿ ತಗೋತಾರೆ. ಇದಕ್ಕೆ ಲಾಭ ಸೇರಿಸಿದ್ರೆ ಆಯ್ತು.

ಮಾವ: ಆಗಲಿಲ್ಲ. ನಾನು ಪ್ಲಂಬಿಂಗ್‌ಗೆ ಬರೋ ಮುಂಚೆ ಪೀಣ್ಯದಲ್ಲಿ ಒಂದು ಲೇತ್ ಶೆಡ್ಡಲ್ಲಿದ್ದೆ. ಅಲ್ಲಿ ಜಾಬ್‌ವರ್ಕ್‌ಗೆ ರೇಟ್ ಹೇಳೋದು ಗಂಟೆ ಲೆಕ್ಕದಲ್ಲಿ. ಮಷೀನ್ ಒಂದು ಗಂಟೆ ಓಡಿದ್ರೆ ಕರೆಂಟು, ಶೆಡ್ ಬಾಡಿಗೆ, ಬ್ಯಾಂಕ್ ಕಂತು, ಆಪರೇಟರ್ ಸಂಬಳ, ಸವೆಯೋ ಟೂಲು, ಎಲ್ಲ ಆ ಗಂಟೆ ಒಳಗೆ ಬರಬೇಕು. ಇನ್ನೊಂದು, ಸೆಟ್ಟಿಂಗ್ ಟೈಮ್. ಒಂದು ಪೀಸ್ ಮಾಡಿದ್ರೂ ನೂರು ಪೀಸ್ ಮಾಡಿದ್ರೂ ಮಷೀನ್ ಸೆಟ್ ಮಾಡೋಕೆ ಅಷ್ಟೇ ಹೊತ್ತು ಬೇಕು. ಅದಕ್ಕೇ ಒಂದೇ ಪೀಸ್ ಅಂದ್ರೆ ರೇಟ್ ಜಾಸ್ತಿ. ಪೀಣ್ಯದ ಸಣ್ಣ ಶೆಡ್ಡುಗಳು ಇಷ್ಟು ವರ್ಷ ಉಳಿದಿರೋದು ಈ ಲೆಕ್ಕದಿಂದ. ಗಂಟೆ ಲೆಕ್ಕ ತಪ್ಪಿದ ಶೆಡ್ಡು ಆರ್ಡರ್ ತುಂಬಿರೋವಾಗಲೇ ಮುಚ್ಚಿಹೋಗುತ್ತೆ.

ಸೊಸೆ: ನಮಗೂ ಸೆಟ್ಟಿಂಗ್ ಟೈಮ್ ಇದೆ ಹಾಗಾದ್ರೆ. ಸೈಟ್ ನೋಡೋಕೆ ಹೋಗೋದು, ಅಳತೆ, ಅಸೋಸಿಯೇಷನ್ ಪರ್ಮಿಷನ್, ಡೆಪಾಸಿಟ್ ಕಟ್ಟೋದು, ಕೆಲಸದವರ ಗೇಟ್ ಪಾಸು. ಒಂದೇ ಫ್ಲ್ಯಾಟಲ್ಲಿ ಎರಡು ಬಾತ್‌ರೂಮ್ ಒಟ್ಟಿಗೆ ಮಾಡಿದ್ರೆ ಅದೆಲ್ಲ ಒಂದೇ ಸಲ.

ಮಾವ: ಅದಕ್ಕೇ ಎರಡನೇದಕ್ಕೆ ಕಮ್ಮಿ ಮಾಡಿದ್ರೆ ಅದು ನ್ಯಾಯವಾದ ರಿಯಾಯಿತಿ. ಈಗ ನಮ್ಮ ತಿಂಗಳ ಖರ್ಚು ತಗೋ. ನಿನ್ನ ಸಂಬಳ, ಪೆಟ್ರೋಲು, ಗೋಡೌನ್ ಬಾಡಿಗೆ, ಬ್ರೇಕರ್, ಕಟರ್, ಬ್ಲೇಡು, ಫೋನು, ಆಡಿಟರು. ಜೊತೆಗೆ ನಾವು ಹೋಗಿ ಅಳತೆ ತಗೊಂಡು ಕೊಟೇಷನ್ ಕೊಟ್ಟು ಸಿಗದೇ ಹೋದ ಕೆಲಸಗಳ ಓಡಾಟ. ಎಲ್ಲ ಸೇರಿ 60,000 ಆಗುತ್ತೆ. ತಿಂಗಳಿಗೆ ನಾಲ್ಕು ಬಾತ್‌ರೂಮ್ ಅಂದ್ರೆ ಒಂದರ ಪಾಲು 15,000. ಅಸಲು 1,20,000. ಈಗ ಸೇರಿಸು ಲಾಭ.

ಸೊಸೆ: ನೂರಕ್ಕೆ ಇಪ್ಪತ್ತು, 24,000. ಒಟ್ಟು 1,44,000.

ಮಾವ: 1,44,000ದಲ್ಲಿ 24,000 ನೂರಕ್ಕೆ ಎಷ್ಟು?

ಸೊಸೆ: ಹದಿನಾರು ಚಿಲ್ಲರೆ. ಅಂದ್ರೆ ಅಸಲಿನ ಮೇಲೆ ಇಪ್ಪತ್ತು ಹಾಕಿದ್ರೆ ಬಿಲ್ಲಿನಲ್ಲಿ ಇಪ್ಪತ್ತು ಉಳಿಯಲ್ಲ.

ಮಾವ: ಬಿಲ್ಲಿನ ಮೇಲೆ ಇಪ್ಪತ್ತು ಉಳೀಬೇಕಾದ್ರೆ ಅಸಲನ್ನ ಎಂಬತ್ತರಿಂದ ಭಾಗಿಸಿ ನೂರರಿಂದ ಗುಣಿಸು. 1,50,000. ನಮ್ಮ ಕಸುಬಲ್ಲಿ ತುಂಬಾ ಜನ ವರ್ಷವಿಡೀ ದುಡಿದು ಕೊನೆಗೆ ಕೈಯಲ್ಲಿ ಏನೂ ಇಲ್ಲ ಅಂತಾರಲ್ಲ, ಎಷ್ಟೋ ಸಲ ಕಾರಣ ಇಷ್ಟೇ. ಈಗ ರಿಯಾಯಿತಿ ನೋಡು. 1,44,000ಕ್ಕೆ ಕೊಟೇಷನ್ ಕೊಟ್ಟಿದ್ದೀಯ, ಅವರು ಹತ್ತು ಪರ್ಸೆಂಟ್ ಬಿಡಿ ಅಂದ್ರು ಅಂದುಕೋ.

ಸೊಸೆ: 14,400 ಹೋಯ್ತು. ಉಳಿಯೋದು 9,600.

ಮಾವ: ಅವರಿಗೆ ಹತ್ತು ಪರ್ಸೆಂಟು, ನಮ್ಮ ಲಾಭಕ್ಕೆ ಅರವತ್ತು ಪರ್ಸೆಂಟು. ಮುಂದಿನ ವರ್ಷ ಒಂದು ನಲ್ಲಿ ತೊಟ್ಟಿಕ್ಕಿದ್ರೆ ಹೋಗಿ ಸರಿಮಾಡೋಕೂ, ಕೆಲಸ ಇಲ್ಲದ ತಿಂಗಳು ಹುಡುಗರಿಗೆ ಕೊಡೋಕೂ ನನ್ನ ಮನೆ ನಡೆಯೋಕೂ ಆ 9,600ರಲ್ಲೇ ಆಗಬೇಕು. ಆಗಲ್ಲ. ಆಗದೇ ಇದ್ದಾಗ ಎರಡನೇ ಕೋಟ್ ತಪ್ಪುತ್ತೆ, ಇಲ್ಲಾ ಕೂಲಿ ತಪ್ಪುತ್ತೆ.

ಸೊಸೆ: ಡಿಪ್ಲೊಮಾದಲ್ಲಿ ಎಸ್ಟಿಮೇಟಿಂಗ್ ಕಲಿಸೋವಾಗ ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆ ತೋರಿಸಿದ್ರು. ಅದರಲ್ಲಿ ಗುತ್ತಿಗೆದಾರನ ಲಾಭ ಮತ್ತು ಮೇಲ್ವೆಚ್ಚಕ್ಕೆ ಶೇಕಡಾ 15 ಅಂತ ಬಹಿರಂಗವಾಗಿ ಸಾಲು ಇರುತ್ತೆ. ನಮ್ಮದು ಅದಕ್ಕಿಂತ ತುಂಬಾ ಜಾಸ್ತಿ ಅಂತ ಯಾರಾದ್ರೂ ಕೇಳಿದ್ರೆ?

ಮಾವ: ಅದು ದೊಡ್ಡ ದೊಡ್ಡ ಕಾಮಗಾರಿಗಳ ಲೆಕ್ಕ. ಒಂದು ಕೋಟಿ ಕೆಲಸದಲ್ಲಿ ಹದಿನೈದು ಲಕ್ಷ ಸಿಗುತ್ತೆ. ನಮಗೆ ಒಂದು ಲಕ್ಷದ ಕೆಲಸಕ್ಕೂ ಅಷ್ಟೇ ಸಲ ಸೈಟಿಗೆ ಓಡಾಟ. ಆದರೆ ಅದರಲ್ಲಿ ಕಲಿಯೋ ವಿಷಯ ಇದೆ. ಲಾಭ ಅನ್ನೋದು ಮುಚ್ಚಿಡಬೇಕಾದ ವಸ್ತು ಅಲ್ಲ ಅಂತ ಸರ್ಕಾರದ ಪುಸ್ತಕವೇ ಒಪ್ಪಿಕೊಂಡಿದೆ. ಕೇಳಿದವರಿಗೆ ನಾನು ಹೇಳ್ತೀನಿ, ಇದರಲ್ಲಿ ನನ್ನ ದುಡಿಮೆ 30,000, ಅದರಲ್ಲೇ ಒಂದು ವರ್ಷದ ಗ್ಯಾರಂಟಿ ಇದೆ ಅಂತ. ಹೇಳೋಕೆ ಹಿಂಜರಿಯೋರು ಏನು ಮಾಡ್ತಾರೆ ಗೊತ್ತಾ? ಕೂಲಿ ಕಮ್ಮಿ ತೋರಿಸಿ, ಮನೆಯವರನ್ನ ತಮಗೆ ಬೇಕಾದ ಅಂಗಡಿಗೆ ಕರ್ಕೊಂಡು ಹೋಗಿ, ನಲ್ಲಿ, ಕಮೋಡಿನ ಮೇಲೆ ಕಮಿಷನ್ ತಗೋತಾರೆ. ಆಗ ಯಾವ ಮಾಲು ಹೇಳ್ತಾರೆ? ಕಮಿಷನ್ ಜಾಸ್ತಿ ಇರೋ ಮಾಲು.

ಸೊಸೆ: ಈ ಕಡೆ ಬೋರ್‌ವೆಲ್ ನೀರು ಗಡಸು. ನಲ್ಲಿ ಮೇಲೆ ಬಿಳಿ ಪದರ ಕಟ್ಟುತ್ತೆ, ಕಾರ್ಟ್ರಿಡ್ಜ್ ಬೇಗ ಹಾಳಾಗುತ್ತೆ, ಗೀಸರ್ ಕಾಯಿಲ್ ಮೇಲೂ ಕೂರುತ್ತೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದ್ರೂ ಎಷ್ಟೋ ಅಪಾರ್ಟ್‌ಮೆಂಟಲ್ಲಿ ಇನ್ನೂ ಎರಡೂ ನೀರು ಬೆರೆಸ್ತಾರೆ.

ಮಾವ: ಹಾಗಾಗಿ ಇಲ್ಲಿ ನಾವು ಹೇಳಬೇಕಾದ್ದು, ಬಿಡಿಭಾಗ ಸುಲಭವಾಗಿ ಸಿಗೋ ನಲ್ಲಿ ತಗೊಳ್ಳಿ ಅಂತ. ಗೋಡೆ ಒಳಗೆ ಹೋಗೋ ಡೈವರ್ಟರ್ ಮಾತ್ರ ಒಳ್ಳೇದೇ ಇರಲಿ ಅಂತ. 2024ರ ಬೇಸಿಗೆಯಲ್ಲಿ ನೀರಿಗೆ ಬರ ಬಂದಾಗ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಏರೇಟರ್ ಕಡ್ಡಾಯ ಮಾಡಿತ್ತಲ್ಲ, ಅದನ್ನ ಪಟ್ಟಿಯಲ್ಲಿ ನಾವೇ ಸೇರಿಸೋಣ. ಅಂಗಡಿ ಕಮಿಷನ್ ಮುಟ್ಟಿದವನಿಗೆ ಈ ಸಲಹೆ ಕೊಡೋ ಸ್ವಾತಂತ್ರ್ಯ ಇರಲ್ಲ. ನಮ್ಮ ಸಂಪಾದನೆ ಕೊಟೇಷನ್ ಮೇಲೇ ಇದ್ರೆ ನಾಲಿಗೆ ನಮ್ಮದಾಗಿರುತ್ತೆ.

ಸೊಸೆ: ಜಿಎಸ್‌ಟಿ?

ಮಾವ: ವರ್ಷಕ್ಕೆ 50 ಲಕ್ಷದ ಒಳಗೆ ವಹಿವಾಟು ಇದ್ದಾಗ ಕಾಂಪೊಸಿಷನ್ ಸ್ಕೀಮಿನಲ್ಲಿ ನಾವೇ ಆರು ಪರ್ಸೆಂಟ್ ಕಟ್ಟಬಹುದು, ಗಿರಾಕಿ ಹತ್ರ ತೆರಿಗೆ ಅಂತ ವಸೂಲಿ ಮಾಡೋ ಹಾಗಿಲ್ಲ. ನಾವು ಅದನ್ನ ದಾಟಿದೀವಿ. 1,50,000ಕ್ಕೆ 18 ಪರ್ಸೆಂಟ್ ಸೇರಿ 1,77,000. ಕೊನೇಲಿ ‘ಜಿಎಸ್‌ಟಿ ಬೇರೆ’ ಅಂತ ಸಣ್ಣ ಅಕ್ಷರದಲ್ಲಿ ಹಾಕಬೇಡ. ಅವರ ಕೈಯಿಂದ ಹೋಗೋ ಪೂರ್ತಿ ಮೊತ್ತ ಮೊದಲ ಪುಟದಲ್ಲೇ ಕಾಣಲಿ. ಕೊಟೇಷನ್‌ಗೆ ಮೂವತ್ತು ದಿನದ ಗಡುವು ಹಾಕು. ದರ ಏರೋದಷ್ಟೇ ಅಲ್ಲ, ಇಳಿಯೋದೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ 28ರಿಂದ 18ಕ್ಕೆ ಬಂತು. ಇಳಿದಾಗ ಆ ಲಾಭ ಗಿರಾಕಿಗೆ ಹೋಗಬೇಕು.

ಸೊಸೆ: ಇಷ್ಟೆಲ್ಲ ಬರೆದ ಮೇಲೂ ಗೋಡೆ ಒಳಗೆ ಏನಿದೆಯೋ ನಮಗೂ ಗೊತ್ತಿಲ್ಲವಲ್ಲ ಮಾವ. ಸಂಕನ್ ಒಳಗೆ ಹಳೇ ಪೈಪ್ ಬಿರುಕು ಬಿಟ್ಟಿರಬಹುದು, ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದಿರಬಹುದು. ಅದಕ್ಕೂ ಸೇರಿಸಿ ದೊಡ್ಡ ಅಂಕಿ ಹೇಳಿದ್ರೆ, ಒಳಗೆ ಎಲ್ಲ ಸರಿಯಿದ್ದಾಗ ಅವರಿಗೆ ಮೋಸ. ಸೇರಿಸದೇ ಇದ್ರೆ ನಮಗೆ ನಷ್ಟ.

ಮಾವ: ಅದೇ ಈ ಕಸುಬಿನ ಕಷ್ಟದ ಜಾಗ. ಗೊತ್ತಿರೋದಕ್ಕೆ ಅಂಕಿ ಹೇಳು. ಗೊತ್ತಿಲ್ಲದ್ದಕ್ಕೆ ದರ ಹೇಳು. ಕೆಟ್ಟ ಪೈಪ್ ಸಿಕ್ಕಿದ್ರೆ ಅಡಿಗೆ ಇಷ್ಟು, ತುಕ್ಕು ಹಿಡಿದ ಕಂಬಿ ತೊಳೆದು ಪ್ಯಾಚ್ ಮಾಡೋಕೆ ಚದರ ಅಡಿಗೆ ಇಷ್ಟು ಅಂತ ಒಡೆಯೋ ಮುಂಚೆಯೇ ಬರೆದಿಡು. ಸಿಕ್ಕಾಗ ಫೋಟೋ ತೆಗೆದು, ಅಳತೆ ಮಾಡಿ, ಅವರ ಒಪ್ಪಿಗೆ ಬಂದ ಮೇಲೆ ಮಾಡು. ಈ ಮನೆಯವರು ಸಾಫ್ಟ್‌ವೇರಲ್ಲಿರೋರು. ಅವರ ಪ್ರಾಜೆಕ್ಟಲ್ಲಿ ಗಿರಾಕಿ ಹೊಸದೇನಾದ್ರೂ ಕೇಳಿದ್ರೆ ‘ಚೇಂಜ್ ರಿಕ್ವೆಸ್ಟ್’ ಅಂತ ಬೇರೆ ಕಾಗದ ಆಗುತ್ತಲ್ಲ, ಅದೇ ರೀತಿ. ಅವರಿಗೆ ತಕ್ಷಣ ಅರ್ಥವಾಗುತ್ತೆ.

ಸೊಸೆ: ಹೇಳಿದ ಖರ್ಚು ಮೀರೋದಕ್ಕೆ ಎರಡು ಸಾವಿರ ವರ್ಷದ ಹಿಂದೆಯೇ ಒಂದು ಕಾನೂನು ಇತ್ತು. ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಅಂತ, ಕಟ್ಟಡಕಲೆ ಮೇಲೆ ಹತ್ತು ಭಾಗದ ಗ್ರಂಥ ಬರೆದವನು. ಹತ್ತನೇ ಭಾಗದ ಶುರುವಿನಲ್ಲೇ ಎಫೆಸಸ್ ಅನ್ನೋ ಗ್ರೀಕ್ ಪಟ್ಟಣದ ಹಳೇ ಕಾನೂನು ಹೇಳ್ತಾನೆ. ಸಾರ್ವಜನಿಕ ಕೆಲಸ ಹಿಡಿಯೋ ವಾಸ್ತುಶಿಲ್ಪಿ ಖರ್ಚು ಎಷ್ಟಾಗುತ್ತೆ ಅಂತ ಮೊದಲೇ ಬರೆದುಕೊಡಬೇಕು, ಕೆಲಸ ಮುಗಿಯೋವರೆಗೆ ತನ್ನ ಆಸ್ತಿ ಅಡವಿಡಬೇಕು. ಹೇಳಿದ ಖರ್ಚಿನಲ್ಲಿ ಮುಗಿಸಿದ್ರೆ ಸನ್ಮಾನ. ಕಾಲು ಭಾಗದವರೆಗೆ ಹೆಚ್ಚಾದ್ರೆ ಊರಿನ ಖಜಾನೆ ಕೊಡುತ್ತೆ. ಕಾಲು ಭಾಗ ಮೀರಿದ್ರೆ ಮಿಕ್ಕಿದ್ದು ಅವನ ಆಸ್ತಿಯಿಂದ.

ಮಾವ: ಕಾಲು ಭಾಗದವರೆಗೆ ಊರು ಹೊರುತ್ತೆ ಅಂದ್ರೆ ಕಾಣದ್ದು ಇರುತ್ತೆ ಅಂತ ಅವರು ಒಪ್ಪಿಕೊಂಡಿದ್ರು. ಅದರಾಚೆ ಆದ್ರೆ, ಹೇಳೋವಾಗಲೇ ನೀನು ಸರಿಯಾಗಿ ನೋಡಿಲ್ಲ ಅಂತ. ಎಷ್ಟು ನ್ಯಾಯವಾಗಿದೆ! ನಮ್ಮ ಕೊಟೇಷನ್‌ಗೂ ಒಂದು ಸಾಲು ಸೇರಿಸು. ಕಾಣದ ಕೆಲಸಗಳೆಲ್ಲ ಸೇರಿ ಒಪ್ಪಿದ ಮೊತ್ತದ ಕಾಲು ಭಾಗ ಮುಟ್ಟೋ ಹಾಗಿದ್ರೆ ಕೆಲಸ ನಿಲ್ಲಿಸ್ತೀವಿ, ಕೂತು ಮಾತಾಡ್ತೀವಿ, ಅಲ್ಲಿವರೆಗಿನ ಲೆಕ್ಕ ಕೊಟ್ಟು ಅವರು ಬೇಕಾದ್ರೆ ಬೇರೆಯವರ ಹತ್ರ ಮಾಡಿಸಬಹುದು ಅಂತ.

ಸೊಸೆ: ದುಡ್ಡಿನ ಕಂತು ಹೇಗೆ?

ಮಾವ: ಮುಂಗಡ ನೂರಕ್ಕೆ 25. ಪೈಪು, ವಾಟರ್‌ಪ್ರೂಫಿಂಗ್ ಟೆಸ್ಟ್ ಆದ ಮೇಲೆ 30. ಟೈಲ್ಸ್ ಆದ ಮೇಲೆ 30. ಒಪ್ಪಿಸೋವಾಗ 10. ಕೊನೇ 5, ಅಂದ್ರೆ ತೆರಿಗೆ ಬಿಟ್ಟು 7,500, ಒಂದು ತಿಂಗಳು ಬಳಸಿ ನೋಡಿದ ಮೇಲೆ. ಯಾವ ಹಂತದಲ್ಲೂ ಅವರ ದುಡ್ಡು ನಮ್ಮ ಹತ್ರ ತುಂಬಾ ಮುಂದಿರಬಾರದು, ನಮ್ಮ ಕೆಲಸವೂ ದುಡ್ಡಿಗಿಂತ ತುಂಬಾ ಮುಂದೆ ಹೋಗಬಾರದು. ಇಬ್ಬರಿಗೂ ಧೈರ್ಯ ಇರುತ್ತೆ.

ಸೊಸೆ: ಹಾಗಾದ್ರೆ ಇಳಿಸ್ತೀರಾ ಅಂದಿದ್ದಕ್ಕೆ ಏನು ಬರೀಲಿ?

ಮಾವ: ಅವರ ಬಜೆಟ್ ನಿಜವಾಗಲೂ ಕಮ್ಮಿ ಇದ್ರೆ ಕೆಲಸ ಇಳಿಸೋಣ, ದರ ಇಳಿಸೋದು ಬೇಡ. ಶವರ್ ಕಡೆ ಏಳು ಅಡಿ ಟೈಲ್ಸ್ ಇರಲಿ, ನೀರು ಬೀಳದ ಕಡೆ ನಾಲ್ಕು ಅಡಿಗೆ ನಿಲ್ಲಿಸಿ ಮೇಲೆ ಬಣ್ಣ ಹೊಡೀಬಹುದು. ವೈರು ಚೆನ್ನಾಗಿದ್ರೆ, ಟೆಸ್ಟ್ ಮಾಡಿ ಉಳಿಸಬಹುದು. ಕಮೋಡ್ ಜಾಗ ಬದಲಾಯಿಸದೇ ಇದ್ರೆ ಪೈಪ್ ಕೆಲಸ ಕಮ್ಮಿ ಆಗುತ್ತೆ. ಒಂದೊಂದರ ಮುಂದೆ ಎಷ್ಟು ಉಳಿಯುತ್ತೆ ಅಂತ ಬರಿ, ಅವರೇ ಆರಿಸಿಕೊಳ್ಳಲಿ. ವಾಟರ್‌ಪ್ರೂಫಿಂಗು, ಪ್ರೆಶರ್ ಟೆಸ್ಟು, ಗೀಸರ್ ಲೈನಿನ ಅರ್ಥಿಂಗು, ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಆರ್‌ಸಿಸಿಬಿ, ಈ ನಾಲ್ಕು ಮುಟ್ಟೋ ಹಾಗಿಲ್ಲ ಅಂತ ಹೇಳು. ಕೊನೆಗೆ, ಮಿಕ್ಕ ಎರಡು ಕೊಟೇಷನ್ ಕೊಟ್ಟವರಿಗೂ ನಮ್ಮ ಪಟ್ಟಿಯ ಒಂದೊಂದೇ ಸಾಲು ಕೇಳಿ ನೋಡಿ ಅಂತ ಬರಿ. ಎಲ್ಲಕ್ಕೂ ಅವರು ಬರೆದು ಉತ್ತರ ಕೊಟ್ಟು, ಆಮೇಲೂ ನಮಗಿಂತ ಕಮ್ಮಿಗೆ ಮಾಡ್ತಾರೆ ಅಂದ್ರೆ, ಅವರಿಗೇ ಕೆಲಸ ಕೊಡಿ.

ಸೊಸೆ: ಕೆಲಸ ಅವರಿಗೇ ಹೋದ್ರೆ?

ಮಾವ: ಹೋದ್ರೂ ಆ ಮನೆಯವರು ಏನು ಕೇಳಬೇಕು ಅಂತ ಕಲಿತಿರ್ತಾರೆ. ಅವರ ಪಕ್ಕದ ಫ್ಲ್ಯಾಟಿನವರಿಗೂ ಹೇಳ್ತಾರೆ. ಹೀಗೆ ಕೇಳೋ ಗಿರಾಕಿಗಳು ಹೆಚ್ಚಾದಷ್ಟೂ ಒಂದು ಸಾಲಿನ ಕೊಟೇಷನ್‌ಗೆ ಜಾಗ ಕಮ್ಮಿ ಆಗುತ್ತೆ, ಸರಿಯಾಗಿ ಕೆಲಸ ಮಾಡೋರಿಗೆ ಸರಿಯಾದ ದುಡ್ಡು ಸಿಗುತ್ತೆ. 1,77,000 ಅಂತ ಮೊದಲ ಪುಟದಲ್ಲಿ ಬರೆದು, ಪಟ್ಟಿ ಪೂರ್ತಿ ಜೋಡಿಸಿ, ಇವತ್ತೇ ಕಳಿಸು.